ನಾಲ್ಕು ಗಂಟೆಯವರೆಗಿನ ಮುನಿಸು

ನನ್ನ ತಮ್ಮನ ಮಗಳನ್ನು ಬಸ್ ಡಿಪೋದಲ್ಲಿ ಎಲ್ಲರೂ ಡ್ಯೂಟಿ ಅಕ್ಕ ಎನ್ನುತ್ತಾರೆ. ತಲೆ ನರೆತ ಡ್ರೈವರುಗಳಿಗೂ ಅವಳು ಅಕ್ಕನೇ. ನಾಳೆ ಯಾವ ಬಸ್ಸನ್ನು ಯಾರು ಓಡಿಸಬೇಕು, ಅವರ ಜೊತೆ ಯಾವ ಕಂಡಕ್ಟರು, ಯಾರಿಗೆ ರಜೆ ಎಂದು ಪಟ್ಟಿ ಮಾಡುವವಳು ಅವಳು. ಹೊರಗಿನವರಿಗೆ ಇದು ಸಾಲಾಗಿ ಹೆಸರು ಬರೆಯುವ ಕೆಲಸವೆಂದು ಕಾಣುತ್ತದೆ. ಕೂತು ಮಾಡಿದವರಿಗೆ ಗೊತ್ತು ಅದರ ಕಷ್ಟ. ಒಬ್ಬನಿಗೆ ಸೊಂಟನೋವು, ಗುಂಡಿ ಬಿದ್ದ ರಸ್ತೆಗೆ ಕಳಿಸುವಂತಿಲ್ಲ. ಇನ್ನೊಬ್ಬನಿಗೂ ಒಬ್ಬ ಕಂಡಕ್ಟರಿಗೂ ಮಾತು ಬಿಟ್ಟು ವರ್ಷಗಳಾಗಿವೆ. ಅವರಿಬ್ಬರನ್ನು ಒಂದೇ ಬಸ್ಸಿಗೆ ಹಾಕಿದರೆ ಇವನು ಸೀಟಿ ಊದುವುದಿಲ್ಲ, ಅವನು ನಿಲ್ಲಿಸುವುದಿಲ್ಲ, ನಡುವೆ ಜನ ಇಳಿಯುವ ಜಾಗ ದಾಟಿಹೋಗಿ ಬಾಯಿ ಬಡಿದುಕೊಳ್ಳುತ್ತಾರೆ. ಮತ್ತೊಬ್ಬ ತನ್ನ ಹೆಂಡತಿಯ ತವರಿನ ಬೀದಿಯಲ್ಲಿ ಹಾದುಹೋಗುವ ಬಸ್ಸು ಹತ್ತುವುದೇ ಇಲ್ಲ. ಅತ್ತೆ ಕೈಯೊಡ್ಡಿ ನಿಲ್ಲಿಸಿ ನಡುಬೀದಿಯಲ್ಲೇ ಬುದ್ಧಿ ಹೇಳುತ್ತಾಳಂತೆ. ಇದೆಲ್ಲ ಯಾವ ಕಾಗದದಲ್ಲೂ ಬರೆದಿಲ್ಲ, ಅವಳ ತಲೆಯಲ್ಲಿದೆ. ತಾನು ಹಾಕಿದ ಪಟ್ಟಿಯಂತೆ ಬೆಳಗಿನ ಬಸ್ಸುಗಳು ಒಂದರ ಹಿಂದೊಂದು ಗೇಟು ದಾಟುವುದನ್ನು ನೆನೆಸಿಕೊಂಡರೆ ಅವಳಿಗೆ ಹೊಟ್ಟೆ ತುಂಬುತ್ತದೆ. ಆ ಕೆಲಸ ಬಿಟ್ಟು ಬೇರೆ ಕೆಲಸ ಕೊಡುತ್ತೇನೆ ಎಂದರೆ ಅವಳನ್ನು ನೀರಿನಿಂದ ಎತ್ತಿ ದಡಕ್ಕೆ ಹಾಕಿದ ಹಾಗೆ.

ಅಂಥದ್ದರಲ್ಲಿ ಡಿಪೋದ ಹಳೆಯ ಕಚೇರಿ ಬಿರುಕು ಬಿಟ್ಟು, ಸೂರಿನಿಂದ ಗಾರೆ ಉದುರಿ, ಅದನ್ನು ಕೆಡವಿ ಕಟ್ಟಬೇಕೆಂದಾಯಿತು. ಕಟ್ಟಿ ಮುಗಿಯುವವರೆಗೆ ಲೆಕ್ಕ ಬರೆಯುವವರು, ಪಟ್ಟಿ ಹಾಕುವವರು ಮನೆಯಿಂದಲೇ ಕೆಲಸ ಮಾಡಿ ಎಂದು ಮ್ಯಾನೇಜರು ಹೇಳಿದರು. ಅವಳು ಕಂಪ್ಯೂಟರನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಮನೆಗೆ ತಂದಳು. ಊಟದ ಮೇಜಿನ ಒಂದು ತುದಿಯಲ್ಲಿ ಕೂತಳು. ಅಲ್ಲಿಂದ ಶುರುವಾಯಿತು ನೋಡಿ ಪಾಡು.

ಮನೆಯಲ್ಲಿ ಕೂತವರು ಕೆಲಸ ಮಾಡುತ್ತಿರುತ್ತಾರೆ ಎಂದು ನಂಬುವ ಶಕ್ತಿ ಅವಳ ಗಂಡನ ಮನೆಯವರಿಗೆ ಇಲ್ಲ. ಅತ್ತೆ ಬಿಸಿ ಸೌಟು ತಂದು ಬಾಯಿಗಿಟ್ಟು ಉಪ್ಪು ನೋಡು ಎನ್ನುತ್ತಿದ್ದಳು. ಮಾವನಿಗೆ, ಅಂದರೆ ನಮ್ಮ ಬೀಗರಿಗೆ, ಕನ್ನಡಕ ಸಿಗುತ್ತಿರಲಿಲ್ಲ. ಅದು ಹಣೆಯ ಮೇಲೇ ಇರುತ್ತಿತ್ತು. ಗಂಡನಿಗೆ ನೀರಿನ ಪಂಪು ರಿಪೇರಿಯ ಅಂಗಡಿ. ಹೊರಡುವಾಗ, ಹೇಗೂ ಮನೆಯಲ್ಲಿದ್ದೀಯಲ್ಲ, ಗ್ಯಾಸಿನವನು ಬರುತ್ತಾನೆ, ಮೀಟರಿನವನು ಬರುತ್ತಾನೆ ಎಂದು ಊರಿನ ಅರ್ಧ ಜನವನ್ನು ಅವಳ ತಲೆಗೆ ಕಟ್ಟಿ ಹೋಗುತ್ತಿದ್ದ. ಕಾಲೇಜಿಗೆ ಹೋಗುವ ಮಗಳು ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಉಗುರಿಗೆ ಬಣ್ಣ ಹಚ್ಚುತ್ತ ಗೆಳತಿಯ ಜೊತೆ ಫೋನಿನಲ್ಲಿ ಹರಟುತ್ತಿದ್ದಳು.

ಒಂದು ದಿನ ಹೀಗೆ ಉಪ್ಪು ನೋಡುತ್ತ ನೋಡುತ್ತ ಒಬ್ಬನೇ ಡ್ರೈವರನ್ನು ಒಂದೇ ಹೊತ್ತಿಗೆ ಹೊರಡುವ ಎರಡು ಬಸ್ಸಿಗೆ ಹಾಕಿಬಿಟ್ಟಳು. ಅವನು ಒಂದನ್ನು ಹತ್ತಿ ಹೋದ. ಇನ್ನೊಂದು ಹೊರಡಲೇ ಇಲ್ಲ. ಆಸ್ಪತ್ರೆಗೆ ಹೋಗಬೇಕಾದ ನರ್ಸುಗಳು ನಿಲ್ದಾಣದಲ್ಲಿ ನಿಂತು ನಿಂತು ಕಾಲು ಸೋತರು. ಮ್ಯಾನೇಜರು ಫೋನು ಮಾಡಿ ಕೂಗಾಡಲಿಲ್ಲ. ಇನ್ನೊಂದು ಸಲ ಹೀಗಾದರೆ ಪಟ್ಟಿ ಕೇಂದ್ರ ಕಚೇರಿಗೆ ಹೋಗುತ್ತದೆ, ಅಲ್ಲಿ ಯಂತ್ರವೇ ಮಾಡುತ್ತದೆ, ನಿಮ್ಮನ್ನು ಮರೆತ ಸಾಮಾನಿನ ಕೋಣೆಗೆ ಹಾಕುತ್ತೇನೆ ಎಂದು ತಣ್ಣಗೆ ಹೇಳಿದರು. ಮರೆತ ಸಾಮಾನಿನ ಕೋಣೆಯೆಂದರೆ ಬಸ್ಸಿನಲ್ಲಿ ಜನ ಬಿಟ್ಟುಹೋದ ಕೊಡೆ, ಒಂಟಿ ಚಪ್ಪಲಿ, ಹಳಸಿದ ಊಟದ ಡಬ್ಬಿಗಳ ನಡುವೆ ಕೂತು, ಕೇಳಿಕೊಂಡು ಬರುವವರ ದಾರಿ ಕಾಯುವ ಕೆಲಸ.

ಅವತ್ತು ಸಂಜೆ ಅವಳು ನಮ್ಮ ಮನೆಗೆ ಬಂದಳು. ಚಹಾ ಕೊಟ್ಟರೆ ಕುಡಿಯಲಿಲ್ಲ.

"ದೊಡ್ಡಪ್ಪ, ನಮ್ಮನೆ ನೆಲಮಾಳಿಗೆನ ಕೋಣೆ ಮಾಡೋಕಾಗುತ್ತಾ? ಒಂದು ಮೇಜು, ಒಂದು ದೀಪ, ಒಂದು ಬಾಗಿಲು. ಅಷ್ಟೇ ಸಾಕು ನಂಗೆ."

ನಾನು ಜೀವಮಾನವೆಲ್ಲ ಗಾರೆ ಕೆಲಸ ಮಾಡಿದವನು. ಆಗುತ್ತದೆ ಎಂದೆ. ಗೋಡೆಗಳ ಬಗ್ಗೆ ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಮನುಷ್ಯರ ಬಗ್ಗೆ ಅವಳು ಕೇಳಿರಲಿಲ್ಲ.

ಅವಳ ಗಂಡನ ಮನೆ ಇಳಿಜಾರಿನಲ್ಲಿದೆ. ಅಡುಗೆಮನೆಯ ಪಕ್ಕದಿಂದ ಮೆಟ್ಟಿಲು ಇಳಿದರೆ ಕೆಳಗೊಂದು ಉದ್ದನೆಯ ಕೋಣೆ. ಸೂರಿನ ಹತ್ತಿರ ಒಂದು ಸಣ್ಣ ಕಿಟಕಿ. ಅದು ತೆರೆದುಕೊಳ್ಳುವುದು ಬೀದಿಯ ನೆಲಕ್ಕೆ ಸರಿಯಾಗಿ. ಅಲ್ಲಿ ನಿಂತು ನೋಡಿದರೆ ಹೋಗಿಬರುವವರ ಕಾಲು ಮಾತ್ರ ಕಾಣುತ್ತದೆ. ಗೋಡೆ ತೇವ ಕುಡಿದು ಉಪ್ಪು ಕಾರಿಕೊಂಡು ಬೆಳ್ಳಗೆ ಹೊಪ್ಪಳಿಕೆ ಎದ್ದಿತ್ತು. ಅದೇನು ದೊಡ್ಡದಲ್ಲ. ಕೆರೆದು, ಒಣಗಿಸಿ, ಹೊಸ ಸಿಮೆಂಟು ಬಳಿದರಾಯಿತು. ದೊಡ್ಡದು ಬೇರೆಯೇ ಇತ್ತು. ಆ ಕೋಣೆಯ ತುಂಬ ನಮ್ಮ ಬೀಗರು ಸೇರಿಸಿಟ್ಟ ಸಾಮಾನು. ಸೀಟು ಕಿತ್ತುಹೋದ ಕುರ್ಚಿಗಳು, ರೆಕ್ಕೆಯಿಲ್ಲದ ಫ್ಯಾನುಗಳು, ಫ್ಯಾನಿಲ್ಲದ ರೆಕ್ಕೆಗಳು, ತುಕ್ಕು ಹಿಡಿದ ಡಬ್ಬಗಳು, ಆ ಡಬ್ಬಗಳ ಒಳಗೆ ಅವಕ್ಕಿಂತ ತುಕ್ಕು ಹಿಡಿದ ಸಣ್ಣ ಡಬ್ಬಗಳು. ನಾನು ಒಂದೊಂದನ್ನು ಎತ್ತಿ ಹೊರಗಿಡುವುದು, ಅವರು ಹಿಂದೆಯೇ ಬಂದು ಅದನ್ನು ಒಳಗಿಡುವುದು.

"ಇದು ಇರ್ಲಿ ಬೀಗರೇ, ಬೇಕಾಗುತ್ತೆ."

"ಯಾತಕ್ಕೆ ಬೇಕಾಗುತ್ತೆ?"

"ಬೇಕಾದಾಗ ಗೊತ್ತಾಗುತ್ತೆ."

ಹೊತ್ತು ಮುಳುಗುವ ತನಕ ಬೆವರು ಸುರಿಸಿದರೂ ಆ ಮೂಲೆಯ ರಾಶಿ ಈ ಮೂಲೆಗೆ ಬಂದಿತ್ತೇ ಹೊರತು ಒಂದು ಮೊಳೆಯೂ ಮನೆ ಬಿಟ್ಟು ಹೋಗಿರಲಿಲ್ಲ. ಕೊನೆಗೆ ಬೀಗಿತ್ತಿ ಗಂಡನನ್ನು ಹಲ್ಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದ ದಿನ, ಗುಜರಿಯವನನ್ನು ಕರೆಸಿ ಗಾಡಿ ತುಂಬಿಸಿ ಕಳಿಸಿದೆವು. ಅವರು ಊದಿದ ಕೆನ್ನೆಗೆ ಕೈಯಿಟ್ಟುಕೊಂಡು ಬಂದವರು ಖಾಲಿ ಕೋಣೆಯನ್ನು ನೋಡಿ ತುಟಿಪಿಟಕ್ಕೆನ್ನಲಿಲ್ಲ. ಬಾಯಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರು.

ಆಮೇಲಿನದು ಗಂಡನ ಮೇಜಿನ ರಾಮಾಯಣ. ಮೇಜು ಅಳೆದ, ಕೋಣೆ ಅಳೆದ, ಎಲ್ಲ ಸರಿಯಿದೆ ಎಂದ. ಮೆಟ್ಟಿಲಿನ ತಿರುವನ್ನು ಮಾತ್ರ ಅಳೆಯಲಿಲ್ಲ. ಮೇಜು ಅಲ್ಲಿ ಸಿಕ್ಕಿಕೊಂಡು ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ನಿಂತಿತು. ಮೇಜಿನ ಆಚೆ ನಾನು, ಈಚೆ ಅವನು. ನನಗೆ ಊಟ ಬಂದದ್ದು ಬೀದಿಯ ಕಿಟಕಿಯಿಂದ. ಕಾಲು ಕೊಯ್ದು ಇಳಿಸಿ ಮತ್ತೆ ಜೋಡಿಸಿದಾಗ ಒಂದು ಕಾಲು ಗಿಡ್ಡವಾಗಿ, ಅವಳು ಒಂದಕ್ಷರ ಒತ್ತಿದರೆ ಮೇಜು ತಲೆದೂಗುತ್ತಿತ್ತು. ಎಲೆಕ್ಟ್ರಿಶಿಯನ್ ಅರ್ಧ ಗಂಟೆಯಲ್ಲಿ ಬಂದೆ ಎಂದವನು ಮರುವಾರ ಬಂದ. ಬಂದವನು ಸ್ವಿಚ್ಚನ್ನು, ಮುಂದೆ ಬಾಗಿಲು ಬಂದರೆ ತೆರೆದಾಗ ಅದರ ಹಿಂದೆ ಮುಚ್ಚಿಹೋಗುವ ಮಗ್ಗುಲಿಗೇ ಹಾಕಿದ. ಅಲ್ಲಿ ದೀಪ ಹಚ್ಚಬೇಕಾದರೆ ಒಳಗೆ ಹೋಗಿ ಬಾಗಿಲು ಹಾಕಿ ಕತ್ತಲಲ್ಲಿ ತಡವಬೇಕು. ಯಾಕಪ್ಪ ಹೀಗೆ ಎಂದರೆ, ಅಭ್ಯಾಸ ಆಗುತ್ತೆ ಬಿಡಿ ಅಜ್ಜ ಎಂದು ನನಗೇ ಹೇಳಿ ಹೋದ. ಕೆಳಗೆ ಫೋನು ಹಿಡಿಯುವುದಿಲ್ಲ ಎಂದು ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಕಿಟಕಿಯಿಂದ ಒಂದು ತಂತಿ ಇಳಿಬಿಟ್ಟು ಮೇಜಿನ ಮೇಲೆ ಹಳೆಯ ಕಾಲದ ಫೋನು ಇಟ್ಟದ್ದಾಯಿತು.

ಉಳಿದದ್ದು ಬಾಗಿಲು. ಬೀಗರು ಯಾರಿಗೂ ತಿಳಿಯದಂತೆ ಮಾಡಿನ ಮೇಲೆ ಅಡಗಿಸಿಟ್ಟಿದ್ದ ಒಂದು ಬಚ್ಚಲುಮನೆಯ ಬಾಗಿಲನ್ನು ಇಳಿಸಿ ತಂದರು. ಚೌಕಟ್ಟಿಗೆ ಹಿಡಿದು ನೋಡಿದರೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಆ ಮನುಷ್ಯ ನನ್ನ ಮುಖವನ್ನೇ ನೋಡುತ್ತ ನಿಂತರು. ನಾನು ತಿರುಪು ಹುಡುಕುವ ನೆವದಿಂದ ತಲೆ ತಗ್ಗಿಸಿದೆ.

ಬಾಗಿಲು ಕೂತಿತು ನಿಜ. ಆದರೆ ಆ ಮನೆಯಲ್ಲಿ ಬಾಗಿಲೆಂದರೇನು ಎಂಬುದನ್ನು ಇಲ್ಲಿ ಹೇಳಬೇಕು. ಅವರು ಬಾಯಿಮಾತಿನಲ್ಲಿ ಜಗಳವಾಡುವ ಜನವಲ್ಲ. ಯಾರಿಗಾದರೂ ಸಿಟ್ಟು ಬಂದರೆ ಒಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಉಳಿದವರು ಒಬ್ಬರಾದ ಮೇಲೆ ಒಬ್ಬರು ತಿನ್ನಲು ಏನಾದರೂ ಹಿಡಿದು ಹೋಗಿ, ತಪ್ಪಾಯಿತು ಎಂದು ರಮಿಸಿ, ಹೊರಗೆ ಕರೆತರುತ್ತಾರೆ. ಬೀಗರ ತಾಯಿಯ ಕಾಲದಿಂದ ಬಂದ ಪದ್ಧತಿ ಇದು. ಆದ್ದರಿಂದ ಸಿಟ್ಟಿಲ್ಲದೆ ಯಾರೂ ಅಲ್ಲಿ ಬಾಗಿಲು ಹಾಕುವುದಿಲ್ಲ. ಬಟ್ಟೆ ಬದಲಿಸುವುದಕ್ಕೂ ಪರದೆಯೇ. ಇನ್ನೊಂದು ಮಾತೂ ಇದೆ. ಬಾಗಿಲು ಹಾಕಿಕೊಂಡವರು ಸಿಟ್ಟು ಬಂದಿದೆ ಎಂದು ಎಂದೂ ಒಪ್ಪುವುದಿಲ್ಲ. ನನಗೇನೂ ಇಲ್ಲ, ಒಳಗೆ ಕೆಲಸ ಇದೆ ಎನ್ನುತ್ತಾರೆ.

ನಮ್ಮ ಹುಡುಗಿ ಅಷ್ಟು ವರ್ಷ ಆ ಮನೆಯಲ್ಲಿ ಬಾಳಿದವಳು, ಇದನ್ನು ತಿಳಿಯದವಳಲ್ಲ. ಅದಕ್ಕೇ ಮೊದಲ ದಿನ ಬೆಳಿಗ್ಗೆ ಎಲ್ಲರನ್ನೂ ಕೂರಿಸಿ, ನೋಡಿ, ಇವತ್ತಿನಿಂದ ಬಾಗಿಲು ಹಾಕ್ಕೊಂಡಿರ್ತೀನಿ, ನಂಗೆ ಕೋಪ ಏನೂ ಇಲ್ಲ, ಕೆಲಸ ಇದೆ, ನಾಲ್ಕು ಗಂಟೆಗೆ ಪಟ್ಟಿ ಕಳಿಸಬೇಕು ಎಂದು ಬಿಡಿಸಿ ಬಿಡಿಸಿ ಹೇಳಿದಳು. ಎಲ್ಲರೂ ತಲೆಯಾಡಿಸಿದರು. ಅವಳು ಇಳಿದು ಹೋಗಿ ಬಾಗಿಲು ಹಾಕಿಕೊಂಡಳು. ಮೇಲೆ ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೋಪವಿಲ್ಲ, ಕೆಲಸವಿದೆ. ಸಾಲದು ಎಂದು ಎಲ್ಲರನ್ನೂ ಕೂರಿಸಿ ಹೇಳಿದ್ದಾಳೆ. ಅಷ್ಟು ದೊಡ್ಡ ಮುನಿಸನ್ನು ಆ ಮನೆ ಹಿಂದೆ ಕಂಡಿರಲಿಲ್ಲ.

ಮೊದಲು ಇಳಿದವಳು ಅತ್ತೆ, ಹೆಚ್ಚಿದ ಹಣ್ಣಿನ ತಟ್ಟೆ ಹಿಡಿದು. ಒಳಗೆ ಹೋದವಳೇ ಸೆರಗಿನಿಂದ ಕಣ್ಣೊರೆಸಿಕೊಂಡು, ಆ ಮಾತು ಬಾಯಿ ತಪ್ಪಿ ಬಂತು, ಮನಸ್ಸಿಗೆ ಹಚ್ಕೋಬೇಡಮ್ಮ ಎಂದಳು. ಯಾವ ಮಾತು ಎಂದು ಇವಳು ಕೇಳಿದಳು. ಕೇಳಿದ ಮೇಲೆ ಹೇಳಲೇಬೇಕಲ್ಲ. ನಮ್ಮ ಸೊಸೆಯ ಅಡುಗೆ ಅವಳ ಬಸ್ಸುಗಳ ಹಾಗೆ, ಹೊತ್ತಿಗೆ ಸರಿಯಾಗಿ ಬರುತ್ತೆ, ಒಳಗೆ ಮಾತ್ರ ಏನೂ ಇರಲ್ಲ ಎಂದು ಪಕ್ಕದ ಮನೆಯವಳ ಹತ್ತಿರ ಅಂದಿದ್ದಳಂತೆ. ಇವಳಿಗೆ ಅದು ಆವತ್ತಿನವರೆಗೂ ಗೊತ್ತೇ ಇರಲಿಲ್ಲ.

ಅತ್ತೆ ಹೋಗುತ್ತಲೇ ಗಂಡ ಅಂಗಡಿ ಬಿಟ್ಟು ಓಡಿಬಂದ. ಅವನ ತಪ್ಪು ಇನ್ನೂ ದೊಡ್ಡದು. ರಜೆಗೆ ಮಕ್ಕಳುಮರಿ ಎಲ್ಲ ಕಟ್ಟಿಕೊಂಡು ಬನ್ನಿ ಎಂದು ದೊಡ್ಡಮ್ಮನ ಮಗನ ಸಂಸಾರವನ್ನು ಕರೆದುಬಿಟ್ಟಿದ್ದ. ಅವಳನ್ನು ಒಂದು ಮಾತು ಕೇಳಿರಲಿಲ್ಲ. ಅಷ್ಟು ಜನ ಎಲ್ಲಿ ಮಲಗುತ್ತಾರೆ ಎಂದರೆ, ಕೆಳಗೆ ಒಂದು ಒಳ್ಳೆ ಕೋಣೆ ಆಗ್ತಿದೆ ಅಂದಿದೀನಿ ಎಂದು ನೆಲ ನೋಡಿದ. ಅವನ ಹಿಂದೆ ಮಾವ. ಅವರು ಮೂಲೆಯಲ್ಲಿ ತಾವೇ ಕಟ್ಟಿದ್ದ ಪರದೆಯನ್ನು ಸರಿಸಿ ತೋರಿಸಿದರು. ಗುಜರಿಯವನ ಅಂಗಡಿಗೆ ಹೋಗಿ ಬೇಡಿಕೊಂಡು ತಂದ ಡಬ್ಬಗಳು, ಫ್ಯಾನಿನ ರೆಕ್ಕೆಗಳು ಅಲ್ಲಿ ನೀಟಾಗಿ ಕೂತಿದ್ದವು. ಇಷ್ಟು ಹೊತ್ತೂ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ರಜೆ ಬೇಕೆನ್ನುವವನು, ರಜೆ ಬೇಡವೆನ್ನುವವನು, ಕಂಡಕ್ಟರನ್ನು ಬದಲಿಸಿ ಎನ್ನುವವನು. ಪಟ್ಟಿ ಕಳಿಸುವ ಹೊತ್ತಿಗೆ ಮಗಳು ಬಂದಳು. ನಿನ್ನ ಸ್ಕೂಟರಿನ ದೀಪ ಒಡೆದದ್ದು ಹಾಲಿನವನಲ್ಲಮ್ಮ, ನಾನು ಎಂದಳು. ಆ ದೀಪದ ದೆಸೆಯಿಂದ ಅವಳು ಹಾಲಿನವನನ್ನು ಬಾಯಿಗೆ ಬಂದಂತೆ ಬೈದು, ಮನೆಗೆ ಹಾಲು ಹಾಕುವುದನ್ನೇ ಬಿಡಿಸಿದ್ದಳು.

ತಲೆ ಗಿರ್ರೆನ್ನುತ್ತಿದ್ದರೂ ಹೇಗೋ ಪಟ್ಟಿ ಕಳಿಸಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಫೋನು ಬಂತು. ನಾನು ಮೇಜಿನ ಗಿಡ್ಡ ಕಾಲಿಗೆ ಮರದ ಚೂರಿನ ಆಪು ಕೊಡಲು ಹೋದವನು ಅಲ್ಲೇ ಇದ್ದೆ. ಆಚೆಯವನ ದೊಡ್ಡ ದನಿ ನನಗೂ ಕೇಳಿಸುತ್ತಿತ್ತು.

"ಅಕ್ಕ, ನಾಳೆ ನಂಗೆ ಎರಡು ಬಸ್ಸು ಕೊಟ್ಟಿದೀರಿ. ಒಂದನ್ನ ಓಡಿಸಿ ಇನ್ನೊಂದನ್ನ ಹಗ್ಗ ಕಟ್ಟಿ ಎಳ್ಕೊಂಡು ಹೋಗ್ಲಾ?"

ಅವಳು ಆ ಕ್ಷಣವೇ ಪಟ್ಟಿ ತೆರೆದಳು. ಮ್ಯಾನೇಜರ ಕಣ್ಣಿಗೆ ಬೀಳುವ ಮೊದಲೇ ತಿದ್ದಿ ಕಳಿಸಿದಳು. ಕೂದಲೆಳೆಯಲ್ಲಿ ಪಾರು. ಆಮೇಲೆ ಅವಳಿಗೆ ನಿಜವಾಗಿ ಸಿಟ್ಟು ಬಂತು. ಬೆಳಗ್ಗೆಯಿಂದ ಇರದಿದ್ದ ಸಿಟ್ಟನ್ನು ಎಲ್ಲರೂ ಸೇರಿ ತಟ್ಟೆಯಲ್ಲಿಟ್ಟು ತಂದುಕೊಟ್ಟಿದ್ದರು. ಆದರೆ ಸಿಟ್ಟಿಗೆ ಹಾಕಿಕೊಳ್ಳಬೇಕಾದ ಬಾಗಿಲನ್ನು ಕೆಲಸಕ್ಕೆ ಖರ್ಚು ಮಾಡಿಬಿಟ್ಟಿದ್ದಾಳೆ. ದಡಬಡ ಮೆಟ್ಟಿಲು ಹತ್ತಿ, ನಡುಮನೆಯಲ್ಲಿ ಎಲ್ಲ ಬಾಗಿಲೂ ಹಾರುಹೊಡೆದಿರುವಾಗ, ಕುರ್ಚಿಯಲ್ಲಿ ಕೂತು ಹಲ್ಲು ಕಚ್ಚಿದಳು. ಅವರಿಗೋ, ಸದ್ಯ ಹೊರಗೆ ಬಂದಳಲ್ಲ, ಸಮಾಧಾನವಾಯಿತು ಎಂದು ಸಂತೋಷ. ಬೀಗಿತ್ತಿ ನನಗೂ ಒಂದು ಲೋಟ ಚಹಾ ಹೆಚ್ಚಿಗೆ ಕೊಟ್ಟಳು.

ಅವಳು ಮತ್ತೆ ಹೇಳಿ ನೋಡಿದಳು. ಅತ್ತೆ ಅವಳ ಬೆನ್ನು ಸವರಿದಳು.

"ಗೊತ್ತು ಬಿಡಮ್ಮ. ನಮ್ಮತ್ತೆನೂ ಹಾಗೇ ಅಂತಿದ್ರು. ಕೋಪ ಇಲ್ಲ, ಕೆಲಸ ಇದೆ ಅಂತ. ಪಾಪ, ಏನು ಕೆಲಸ ಇತ್ತೋ ಅವರಿಗೆ."

ನಾನು ಒಳಗಡೆ ಗಟ್ಟಿಯಾದ ಚಿಲಕ ಹಾಕಿಕೊಟ್ಟೆ. ಮಾರನೆಯ ದಿನ ಬಾಗಿಲು ತಟ್ಟಿದರೂ ತೆಗೆಯಲಿಲ್ಲವೆಂದಾಗ ಅವರ ಭಯ ಇಮ್ಮಡಿಯಾಯಿತು. ಬೀದಿಯ ಕಿಟಕಿಯಿಂದ ಹಣ್ಣಿನ ತಟ್ಟೆ ಇಳಿಯತೊಡಗಿತು. ನಮ್ಮ ಬೀಗರು ಬೀದಿಯಲ್ಲಿ ಹೊಟ್ಟೆಯ ಮೇಲೆ ಮಲಗಿ, ಕಿಟಕಿಯೊಳಗೆ ತಲೆ ತೂರಿಸಿ, ಡಬ್ಬ ವಾಪಸು ಕೊಡ್ತೀನಮ್ಮ, ಊಟ ಮಾಡು ಎನ್ನುತ್ತಿದ್ದರು. ದಾರಿಹೋಕರು ಯಾರೋ ಬಿದ್ದಿದ್ದಾರೆಂದು ನೀರು ತಂದರು. ಗುಂಪು ಸೇರಿತು. ಒಳಗೆ ಅವಳು ಒಂದು ಕಿವಿಗೆ ಬೆರಳಿಟ್ಟು ಇನ್ನೊಂದಕ್ಕೆ ಫೋನು ಒತ್ತಿ, ಯಾವ ಬಸ್ಸು, ಇನ್ನೊಂದ್ಸಲ ಹೇಳಿ ಎಂದು ಕೂಗುತ್ತಿದ್ದಳು.

ಇಂಥ ಒಂದು ವಾರ ಕಳೆದ ಮೇಲೆ ನನ್ನ ಹತ್ತಿರ ಬಂದು, ಮರೆತ ಸಾಮಾನಿನ ಕೋಣೆಗೇ ಹೋಗ್ತೀನಿ ದೊಡ್ಡಪ್ಪ, ಅಲ್ಲಿ ಕೊಡೆಗಳಾದರೂ ಸುಮ್ನಿರುತ್ತವೆ ಎಂದಳು. ನನಗೆ ರೇಗಿತು. ಅವಳ ಮೇಲೋ ಅವರ ಮೇಲೋ ಹೇಳಲಾರೆ.

"ಕೋಪ ಇಲ್ಲ ಅಂದ್ರೆ ನಂಬಲ್ಲ ತಾನೇ ಅವರು? ಇದೆ ಅನ್ನು ಮತ್ತೆ" ಎಂದೆ.

ಬಾಯಿಗೆ ಬಂದದ್ದನ್ನು ಅಂದದ್ದು ನಾನು. ಅವಳು ಅದನ್ನು ಹಿಡಿದುಕೊಂಡು ಹೋದಳು. ಮರುದಿನ ಬೆಳಿಗ್ಗೆ ಮತ್ತೆ ಎಲ್ಲರನ್ನೂ ಕೂರಿಸಿದಳು.

"ಹೌದು, ನಂಗೆ ಕೋಪ ಬಂದಿದೆ. ನಾಲ್ಕು ಗಂಟೆವರೆಗೂ ಇರುತ್ತೆ. ಆಮೇಲೆ ಬಂದು ಸಮಾಧಾನ ಮಾಡಿ. ಅದಕ್ಕೆ ಮುಂಚೆ ಯಾರಾದ್ರೂ ಬಂದ್ರೆ ರಾತ್ರಿಯೆಲ್ಲ ಇರುತ್ತೆ."

ಆ ಮನೆಯ ಚರಿತ್ರೆಯಲ್ಲೇ ಮುನಿಸಿಕೊಂಡವರು ಅದನ್ನು ಒಪ್ಪಿಕೊಂಡದ್ದೂ ಇಲ್ಲ, ಯಾವಾಗ ಮುಗಿಯುತ್ತದೆ ಎಂದು ಹೇಳಿದ್ದೂ ಇಲ್ಲ. ಅವರ ಮುಖಗಳು ಅರಳಿದವು. ಕೋಪ ಇದೆಯೋ ಇಲ್ಲವೋ ಎಂದು ತಿಳಿಯದೆ ಒದ್ದಾಡುವುದೇ ಅವರ ಸಂಕಟವಾಗಿತ್ತು. ಇದೆ ಎಂದು ಗೊತ್ತಾದ ಮೇಲೆ ಹಾಯಾಗಿ ತಮ್ಮ ತಮ್ಮ ಕೆಲಸಕ್ಕೆ ಹೋದರು. ಅವತ್ತು ಪಟ್ಟಿ ಒಂದಕ್ಷರ ತಪ್ಪಿಲ್ಲದೆ ಹೋಯಿತು.

ಹಾಗಂತ ಅವಳ ಗೋಳು ಮುಗಿಯಿತೆಂದಲ್ಲ. ದಿನಾ ನಾಲ್ಕು ಹೊಡೆದರೆ ಮೆಟ್ಟಿಲ ಮೇಲೆ ಯಾರಾದರೊಬ್ಬರು ತಟ್ಟೆ ಹಿಡಿದು ಸಿದ್ಧ. ತಾವು ತಾವೇ ಸರದಿ ಮಾಡಿಕೊಂಡಿದ್ದರು. ಅವಳು ಅಷ್ಟನ್ನೂ ತಿಂದು, ತಪ್ಪಾಯಿತು ಎಂದದ್ದನ್ನು ಕೇಳಿ, ಹೋಗಲಿ ಬಿಡಿ ಎನ್ನಬೇಕು. ಒಪ್ಪಿಕೊಳ್ಳಲು ತಪ್ಪು ಸಾಲದೆ ಬಂದಾಗ ಅವರು ಹಳೆಯದನ್ನೆಲ್ಲ ಕೆದಕಿ ತರುತ್ತಿದ್ದರು. ಮದುವೆಗೆ ಮುಂಚೆ ಹೆಣ್ಣು ನೋಡಲು ಬಂದಾಗ ನಿನ್ನ ಮೂಗು ಸ್ವಲ್ಪ ದಪ್ಪ ಅಂದಿದ್ದೆ ಎಂದು ಗಂಡ ಒಂದು ದಿನ ಒಪ್ಪಿಕೊಂಡ. ಅದನ್ನು ಕೇಳಿ ಅವಳು ಮಾಡುವುದೇನು? ಬೀದಿಯಲ್ಲೂ ಸುದ್ದಿ ಹಬ್ಬಿತ್ತು. ನಮ್ಮ ಸೊಸೆಗೆ ಭಾನುವಾರ ಬಿಟ್ಟು ದಿನಾ ಕೋಪ ಎಂದು ಬೀಗಿತ್ತಿ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದಳು.

ಹೀಗಿರುವಾಗ ಊರಿಗೆ ಜ್ವರ ಬಂತು. ಡಿಪೋದಲ್ಲಿ ಒಬ್ಬನಾದ ಮೇಲೊಬ್ಬ ಡ್ರೈವರು ಮಲಗಿದ. ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಅಂಥದೊಂದು ಮಧ್ಯಾಹ್ನ ನಾನು ಬೀಗರ ಜೊತೆ ಮೆಟ್ಟಿಲ ಮೇಲೆ ಕೂತಿದ್ದೆ. ಕಾವಲಿಗೆ ಕೂತಿದ್ದೆವು ಎಂದರೂ ಸರಿಯೇ. ಬಾಗಿಲ ಹಿಂದೆ ಅವಳ ದನಿ, ಇವನನ್ನ ಅಲ್ಲಿಗೆ ಹಾಕಿದರೆ ಅವನು ಇಲ್ಲಿಗೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿತ್ತು. ಅಷ್ಟರಲ್ಲಿ ಮೇಲೆ ಯಾರೋ ಬಂದ ಸದ್ದು. ಸಾಕ್ಷಾತ್ ಮ್ಯಾನೇಜರು. ಇಷ್ಟು ಜನ ಮಲಗಿರುವಾಗ ಈ ಹೆಂಗಸು ಪಟ್ಟಿ ಹೇಗೆ ಮಾಡುತ್ತಾಳೋ ನೋಡೋಣ ಎಂದು ತಾವೇ ಬಂದಿದ್ದರು. ಮೆಟ್ಟಿಲ ತಲೆಯಲ್ಲೇ ಬೀಗಿತ್ತಿ ಅಡ್ಡ ನಿಂತಳು.

"ಈಗ ಯಾರನ್ನೂ ಬಿಡಲ್ಲ ಸಾರ್. ಕೋಪದಲ್ಲಿದಾಳೆ."

ಮ್ಯಾನೇಜರು ಕಕ್ಕಾಬಿಕ್ಕಿಯಾದರು. "ಯಾರ ಮೇಲೆ? ನನ್ನ ಮೇಲಾ?"

"ಅದು ನಂಗೆ ಹೇಗೆ ಗೊತ್ತು? ನೀವೇನು ಮಾಡಿದೀರೋ ನೀವೇ ಯೋಚನೆ ಮಾಡಿ."

ಅವರನ್ನು ನಡುಮನೆಯಲ್ಲಿ ಕೂರಿಸಿ ಚಹಾ ಕೊಟ್ಟಳು. ಆ ಮನೆಯ ಗಾಳಿಯೇ ಅಂಥದೋ, ಬೀಗಿತ್ತಿಯ ನೋಟವೇ ಅಂಥದೋ, ಆ ದೊಡ್ಡ ಮನುಷ್ಯ ಲೋಟ ಅರ್ಧವಾಗುವಷ್ಟರಲ್ಲಿ ಬಾಯಿಬಿಟ್ಟರು. ಜ್ವರದ ಗಲಾಟೆಯಲ್ಲಿ ಇವಳ ಕೈಯಲ್ಲಿ ಆಗಲಿಕ್ಕಿಲ್ಲವೆಂದು, ಪಟ್ಟಿಯನ್ನು ತೆಗೆದುಕೊಂಡುಬಿಡಿ ಎಂದು ಕೇಂದ್ರ ಕಚೇರಿಗೆ ಆಗಲೇ ಮಾತು ಕೊಟ್ಟಾಗಿತ್ತಂತೆ. ಅವಳಿಗೆ ಇನ್ನೂ ಹೇಳಿಲ್ಲ ಎಂದು ದನಿ ತಗ್ಗಿಸಿದರು. ಬೀಗಿತ್ತಿ ಕೆನ್ನೆಗೆ ಕೈಯಿಟ್ಟುಕೊಂಡಳು. ಇದು ಸಣ್ಣದಲ್ಲ ಸಾರ್ ಎಂದಳು. ನಾಲ್ಕು ಗಂಟೆಗೆ ಇಳಿಯಬೇಕು, ಬರಿಗೈಲಿ ಹೋಗಬಾರದು, ಮೊದಲು ತಪ್ಪು ಒಪ್ಕೋಬೇಕು, ಆಮೇಲೆ ತಟ್ಟೆ ಮುಂದಿಡಬೇಕು ಎಂದು ಕ್ರಮ ಹೇಳಿಕೊಟ್ಟಳು.

ನಾಲ್ಕಕ್ಕೆ ಚಿಲಕ ಸರಿಯಿತು. ಬಾಗಿಲ ಮುಂದೆ ಮ್ಯಾನೇಜರು, ಕೈಯಲ್ಲಿ ಹಣ್ಣಿನ ತಟ್ಟೆ. ಅವಳು ಅವರನ್ನು ನೋಡಿದಳು, ತಟ್ಟೆಯನ್ನು ನೋಡಿದಳು, ಅವರ ಹಿಂದೆ ಮೆಟ್ಟಿಲುದ್ದಕ್ಕೂ ನಿಂತ ನಮ್ಮನ್ನು ನೋಡಿದಳು. ಪಟ್ಟಿ ಕಳಿಸಿದೀನಿ ಸಾರ್ ಎಂದಳು. ಮ್ಯಾನೇಜರು ಬೀಗಿತ್ತಿ ಹೇಳಿಕೊಟ್ಟ ಕ್ರಮದಲ್ಲೇ, ತಪ್ಪಾಯಿತಮ್ಮ ಎಂದು ಶುರುಮಾಡಿ ಎಲ್ಲ ಒಪ್ಪಿಸಿದರು.

ಅವಳು ಹಿಂದಕ್ಕೆ ಸರಿದು ಬಾಗಿಲು ಹಾಕಿಕೊಂಡಳು.

ನಾವೆಲ್ಲ ಗೋಡೆಯ ಗಡಿಯಾರ ನೋಡಿದೆವು. ನಾಲ್ಕು ದಾಟಿತ್ತು. ಆ ಹೊತ್ತಿನ ಮೇಲೆ ಹಾಕಿದ ಬಾಗಿಲಿಗೆ ಅರ್ಥ ಒಂದೇ.

"ಈಗೇನು ಮಾಡೋದು?" ಎಂದು ಮ್ಯಾನೇಜರು ನಮ್ಮ ಬೀಗರನ್ನು ಕೇಳಿದರು. ಇವರು ಈ ವಿದ್ಯೆಯಲ್ಲಿ ಪಳಗಿದವರು. ಬರಿ ಮಾತಲ್ಲಿ ಆಗಲ್ಲ, ಮಾಡಿದ್ದನ್ನ ಬಿಚ್ಚಬೇಕು ಎಂದರು. ಮೆಟ್ಟಿಲಲ್ಲಿ ಫೋನು ಹಿಡಿಯಲಿಲ್ಲ. ಮ್ಯಾನೇಜರು ತಟ್ಟೆಯನ್ನು ಬೀಗರ ಕೈಗೆ ಕೊಟ್ಟು ಬೀದಿಗೆ ಓಡಿದರು. ನಾನೂ ಹಿಂದೆ ಹೋದೆ. ಅವರು ನಿಂತದ್ದು ಆ ಕಿಟಕಿಯ ಮುಂದೆಯೇ. ಒಳಗಿದ್ದವಳಿಗೆ ಅವರ ಬೂಟುಗಳು ಮಾತ್ರ ಕಂಡಿರಬೇಕು. ಕೇಂದ್ರ ಕಚೇರಿಯವರು ಸುಲಭಕ್ಕೆ ಒಪ್ಪಲಿಲ್ಲ. ಇವರು ಅತ್ತಿತ್ತ ಓಡಾಡಿದರು, ಬೆವರಿದರು. ಇವತ್ತಿನ ಪಟ್ಟಿ ನೋಡಿ ಆಮೇಲೆ ಮಾತಾಡಿ ಸ್ವಾಮಿ, ಇಷ್ಟು ಜನ ಮಲಗಿದಾರೆ, ಒಂದು ಬಸ್ಸೂ ನಿಂತಿಲ್ಲ ಎಂದರು, ಆ ಪಟ್ಟಿಯನ್ನು ತಾವೇ ಇನ್ನೂ ನೋಡದೆ. ಕೊನೆಗೆ, ಇಲ್ಲ, ಪಟ್ಟಿ ಅವರೇ ಮಾಡಲಿ, ಬರೆದುಕೊಡ್ತೀನಿ ಬೇಕಾದ್ರೆ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಫೋನು ಇಟ್ಟರು.

ನಾವು ಮೆಟ್ಟಿಲು ಇಳಿಯುವಷ್ಟರಲ್ಲಿ ಬಾಗಿಲು ತೆರೆದಿತ್ತು. 

"ಕೇಳಿಸ್ತು ಸಾರ್" ಎಂದಳು. "ಒಂದು ಬಸ್ಸೂ ನಿಂತಿಲ್ಲ ಅಂದ್ರಲ್ಲ, ಅದು ಪೂರ್ತಿ ನಿಜ ಅಲ್ಲ. ಎಷ್ಟು ಕೂಡಿಸಿ ಕಳೆದರೂ ನಾಳೆಗೆ ಒಬ್ಬ ಡ್ರೈವರ್ ಕಮ್ಮಿ ಬಿದ್ದ. ನೀವು ಮೊದಲು ಡ್ರೈವರ್ ಆಗಿದ್ದೋರು, ಲೈಸೆನ್ಸ್ ಇನ್ನೂ ಚಾಲ್ತಿಯಲ್ಲಿದೆ. ನಿಮ್ಮನ್ನ ಹಾಕಿದೀನಿ."

ಮ್ಯಾನೇಜರು ಬಾಯಿ ತೆರೆದರು. ಬೀಗಿತ್ತಿ ಅವರನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿದರು.

"ಎಷ್ಟೊತ್ತಿಗೆ ಬರ್ಲಿ?" ಎಂದರು.

"ಬೆಳಗಿನ ಮೊದಲ ಬಸ್ಸು. ನರ್ಸ್‌ಗಳು ಕಾಯ್ತಿರ್ತಾರೆ, ತಡ ಮಾಡಬೇಡಿ" ಎಂದು ಹೇಳಿ, ಅವಳು ಮಾವನ ಕೈಯಿಂದ ತಟ್ಟೆ ತೆಗೆದುಕೊಂಡು, ಅಲ್ಲೇ ಮೆಟ್ಟಿಲ ಮೇಲೆ ಕೂತು ತಿನ್ನತೊಡಗಿದಳು.